ಸಂಬಳಾನೂ ಇರಲಿ, ಕ್ಯಾಮೆರಾನೂ ಇರಲಿ!

ನಿಮ್ಮಲ್ಲಿ ಕ್ಯಾಮೆರಾ ಹುಚ್ಚು ಇಲ್ಲದವರು ಯಾರಾದರೂ ಇದ್ದರೆ ಕೈ ಎತ್ತಿ ನೋಡೋಣ!

ಒಂದು ಕೈಯೂ ಮೇಲೇಳೋದಿಲ್ಲ ಅಂತ ನನಗೆ ಗೊತ್ತು. ಸಿನಿಮಾ ಹುಚ್ಚು, ಕ್ಯಾಮೆರಾ ಹುಚ್ಚು ಎರಡೂ ಒಂದೇ ತಾಯಿಯ ಮಕ್ಕಳು. ಮೊದಲ ದಿನದ ಮೊದಲ ಆಟಕ್ಕೆ ಹೋದವನು ಕಟೌಟಿನ ಫೋಟೋ ತೆಗೆಯದೆ ವಾಪಸ್ ಬರುವುದುಂಟೇ? ಹಾಗೆ ಶುರುವಾದದ್ದು ತಂಗಿಯ ಹುಟ್ಟುಹಬ್ಬಕ್ಕೆ ಬರುತ್ತೆ, ಊರಿನ ತೇರಿಗೆ ಬರುತ್ತೆ, ಒಂದು ದಿನ ಚಿಕ್ಕಪ್ಪನ ಮಗನ ಮದುವೆಗೂ ಬರುತ್ತೆ. "ಎಷ್ಟ್ ಚೆನ್ನಾಗ್ ತೆಗೀತೀಯೋ ಮಾರಾಯ, ದುಡ್ಡಿಗೇ ಮಾಡಬಾರದಾ?" ಅಂತ ಯಾರೋ ಒಬ್ಬರು ಅಂದುಬಿಟ್ಟರೆ ಮುಗೀತು. ಆ ರಾತ್ರಿ ನಿದ್ದೆ ಇಲ್ಲ!

ಬಸ್ ಸ್ಟ್ಯಾಂಡಿನಲ್ಲಿ, ಶೂಟಿಂಗ್ ಸ್ಪಾಟಿನಲ್ಲಿ, ಚಹದ ಅಂಗಡಿಯಲ್ಲಿ ಸಿಕ್ಕ ಹುಡುಗರು ನನ್ನನ್ನು ಕೇಳುವುದು ಎರಡೇ ಪ್ರಶ್ನೆ. "ಅಣ್ಣಾ, ಹತ್ತು ವರ್ಷದಿಂದ ಹವ್ಯಾಸಕ್ಕೆ ಫೋಟೋ ತೆಗೀತಾ ಇದ್ದೀನಿ. ಇದರಿಂದ ನಾಲ್ಕು ಕಾಸು ಮಾಡಬಹುದಾ?" ಇದು ಮೊದಲನೆಯದು. "ಇರೋ ಕೆಲಸ ಬಿಟ್ಟು ಇದಕ್ಕೇ ಇಳಿದುಬಿಡ್ಲಾ?" ಇದು ಎರಡನೆಯದು.

ಮೊದಲ ಪ್ರಶ್ನೆಗೆ ಉತ್ತರ, ಖಂಡಿತ ಮಾಡಬಹುದು. ಎರಡನೆಯದಕ್ಕೆ ಉತ್ತರ... ಸ್ವಲ್ಪ ನಿಲ್ಲಿ ಗುರುವೇ, ಅವಸರ ಬೇಡ!

ಇದನ್ನು ಹೇಳೋಕೆ ನೀನ್ಯಾರಯ್ಯಾ ಅಂತೀರಾ? ಪಿಯುಸಿ ಅರ್ಧಕ್ಕೇ ಕಾಲೇಜಿಗೆ ದೊಡ್ಡ ನಮಸ್ಕಾರ ಹಾಕಿ ಬಂದವನು ನಾನು. ವಾರದ ಆರು ದಿನ ಪೆನ್ನು, ಏಳನೇ ದಿನ ಕ್ಯಾಮೆರಾ. ನಾಮಕರಣ, ಗೃಹಪ್ರವೇಶ, ಶಾಲಾ ವಾರ್ಷಿಕೋತ್ಸವ, ಕರೆದವರ ಮನೆಗೆ ಹೋಗಿ ಫೋಟೋ ತೆಗೆದು, ಊಟ ಮಾಡಿ, ದುಡ್ಡು ಎಣಿಸಿಕೊಂಡು ಬರ್ತೀನಿ. ಹಾಗಾಗಿ ಇದು ಪುಸ್ತಕ ಓದಿ ಹೇಳುವ ಮಾತಲ್ಲ.

25 ಡಾಲರಿನ ಹುಡುಗ

'2001: ಎ ಸ್ಪೇಸ್ ಒಡಿಸ್ಸಿ', 'ದಿ ಶೈನಿಂಗ್' ಚಿತ್ರಗಳ ನಿರ್ದೇಶಕ ಸ್ಟ್ಯಾನ್ಲಿ ಕ್ಯೂಬ್ರಿಕ್ ಹೆಸರು ಕೇಳದ ಚಿತ್ರರಸಿಕ ಇಲ್ಲ. ಈ ಮಹಾಶಯ ಓದಿನಲ್ಲಿ ಅಷ್ಟಕ್ಕಷ್ಟೇ! ಶಾಲೆಯ ಅಂಕಗಳನ್ನು ನೋಡಿದರೆ ನನಗೂ ನಿಮಗೂ ಸಮಾಧಾನವಾಗಬೇಕು. ಡಾಕ್ಟರಾಗಿದ್ದ ತಂದೆ ಹದಿಮೂರನೇ ವಯಸ್ಸಿನಲ್ಲಿ ಕೊಡಿಸಿದ ಒಂದು ಗ್ರಾಫ್ಲೆಕ್ಸ್ ಕ್ಯಾಮೆರಾ ಹುಡುಗನ ಕುತ್ತಿಗೆಗೆ ಅಂಟಿಕೊಂಡಿತ್ತು.

1945ರ ಏಪ್ರಿಲ್ 12ರಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ತೀರಿಕೊಂಡರು. ಆ ಸುದ್ದಿ ಹೊತ್ತ ಪತ್ರಿಕೆಗಳ ನಡುವೆ ಮುಖ ಇಳಿಬಿಟ್ಟು ಕೂತಿದ್ದ ಪೇಪರ್ ಮಾರುವವನೊಬ್ಬನನ್ನು ಹದಿನಾರು ವಯಸ್ಸಿನ ಕ್ಯೂಬ್ರಿಕ್ ಸೆರೆಹಿಡಿದ. ಆ ಫೋಟೋವನ್ನು 'ಲುಕ್' ಪತ್ರಿಕೆ 25 ಡಾಲರಿಗೆ ಕೊಂಡು ಅದೇ ವರ್ಷದ ಜೂನ್‌ನಲ್ಲಿ ಅಚ್ಚು ಹಾಕಿತು. ಮುಂದಿನ ವರ್ಷ ಅದೇ ಪತ್ರಿಕೆಯಲ್ಲಿ ಕೆಲಸವೂ ಸಿಕ್ಕಿತು.

ಇಲ್ಲಿ ಗಮನಿಸಬೇಕಾದ್ದು ಏನು ಗೊತ್ತೇ? ಮೊದಲ ದುಡ್ಡು ಬಂದ ತಕ್ಷಣ ಈತ ಸಿನಿಮಾಗೆ ಹಾರಲಿಲ್ಲ. ವರ್ಷಗಟ್ಟಲೆ ಸಂಬಳಕ್ಕೆ ದುಡಿಯುತ್ತಾ ಬೆಳಕು ಕಲಿತ, ಮುಖ ಕಲಿತ. ಪತ್ರಿಕೆಗಾಗಿ ವಾಲ್ಟರ್ ಕಾರ್ಟಿಯರ್ ಎಂಬ ಬಾಕ್ಸರ್‌ನ ಫೋಟೋಗಳನ್ನು ತೆಗೆದಿದ್ದ. ಅದೇ ಬಾಕ್ಸರ್‌ನನ್ನು ಹಾಕಿಕೊಂಡು 'ಡೇ ಆಫ್ ದಿ ಫೈಟ್' ಎಂಬ ಕಿರುಚಿತ್ರ ಮಾಡಿದ. 1951ರಲ್ಲಿ ಅದು ತೆರೆ ಕಂಡಿತು. ಸಂಬಳದ ಕೆಲಸವೇ ಅವನ ಮೊದಲ ಸಿನಿಮಾಕ್ಕೆ ಏಣಿ!

ನಮ್ಮ ದೇಶದ್ದೇ ಒಂದು ಕಥೆ ಬೇಕೆ? ಕಲ್ಕತ್ತೆಯ ರಂಗನಟ ನಿಮಾಯ್ ಘೋಷ್. ಯಾರೋ ಟ್ಯಾಕ್ಸಿಯಲ್ಲಿ ಮರೆತುಹೋದ ಕೆನನ್ ಕ್ಯಾಮೆರಾ ಒಂದು ಗೆಳೆಯನ ಕೈಗೆ ಸಿಕ್ಕಿ, ಹಳೇ ಸಾಲದ ಲೆಕ್ಕದಲ್ಲಿ ಇವರ ಕೈಗೆ ಬಂತು. ಅದನ್ನು ಹಿಡಿದು 1968ರಲ್ಲಿ ಸತ್ಯಜಿತ್ ರೇ ಅವರ 'ಗೂಪಿ ಗೈನೆ ಬಾಘಾ ಬೈನೆ' ಚಿತ್ರೀಕರಣ ನೋಡಲು ಹೋದರು. ಸುಮ್ಮನೆ ತೆಗೆದ ಫೋಟೋಗಳು ರೇ ಕಣ್ಣಿಗೆ ಬಿದ್ದವು. ಮುಂದೆ ರೇ ಇರುವಷ್ಟು ಕಾಲವೂ ಘೋಷ್ ಅವರ ಪಕ್ಕದಲ್ಲೇ! 2010ರಲ್ಲಿ ಪದ್ಮಶ್ರೀ. ಇಂದು ರೇ ಹೇಗಿದ್ದರು, ಸೆಟ್ಟಿನಲ್ಲಿ ಹೇಗೆ ನಿಲ್ಲುತ್ತಿದ್ದರು ಎಂದು ಜಗತ್ತಿಗೆ ಗೊತ್ತಿರುವುದು ಬಹುಪಾಲು ಈ ಫೋಟೋಗಳಿಂದ.

ತಮಿಳಿನ ಕೆ.ವಿ. ಆನಂದ್? ಪತ್ರಿಕೆಗಳಿಗೆ ಫೋಟೋ ತೆಗೆಯುತ್ತಿದ್ದವರು. ಪಿ.ಸಿ. ಶ್ರೀರಾಮ್ ಬಳಿ ಸಹಾಯಕರಾಗಿ ದುಡಿದು, ಸ್ವತಂತ್ರ ಛಾಯಾಗ್ರಾಹಕರಾಗಿ ಮಾಡಿದ ಮೊದಲ ಚಿತ್ರ ಮಲಯಾಳದ 'ತೇನ್ಮಾವಿನ್ ಕೊಂಬತ್ತ್' (1994). ಅದಕ್ಕೇ ರಾಷ್ಟ್ರಪ್ರಶಸ್ತಿ! ಮುಂದೆ ನಿರ್ದೇಶಕರಾದಾಗ 2011ರಲ್ಲಿ 'ಕೋ' ಮಾಡಿದರು. ನಾಯಕ ಯಾರು ಹೇಳಿ? ಪತ್ರಿಕಾ ಛಾಯಾಗ್ರಾಹಕ!

ನಮ್ಮ ಗಾಂಧಿನಗರಕ್ಕೇ ಬನ್ನಿ. ಭವಾನಿ ಲಕ್ಷ್ಮೀನಾರಾಯಣ, ಪ್ರಗತಿ ಅಶ್ವತ್ಥನಾರಾಯಣ ಅವರಂಥವರು ಸ್ಥಿರಚಿತ್ರ ತೆಗೆದು ಇಡದಿದ್ದರೆ ಹಳೆಯ ಕನ್ನಡ ಚಿತ್ರಗಳ ಅರ್ಧ ನೆನಪು ಕೈಬಿಟ್ಟು ಹೋಗುತ್ತಿತ್ತು. ಥಿಯೇಟರ್ ಗಾಜಿನ ಪೆಟ್ಟಿಗೆಯಲ್ಲಿ ಸ್ಟಿಲ್ ನೋಡಿಯೇ ಟಿಕೆಟ್ ತೆಗೆದುಕೊಂಡವರು ನಮ್ಮಪ್ಪಂದಿರು!

ಸಿನಿಮಾ ತೋರಿಸದ ರೀಲು

ಆದರೆ ಸ್ವಾಮಿ, ಇವೆಲ್ಲ ಹಾಲಿನ ಮೇಲಿನ ಕೆನೆ. ಕೆನೆ ನೋಡಿ ಹಾಲಿನ ವ್ಯಾಪಾರಕ್ಕೆ ಇಳಿಯಬಾರದು.

2009ರ 'ತ್ರೀ ಈಡಿಯಟ್ಸ್' ನೆನಪಿದೆಯಾ? ಇಂಜಿನಿಯರಿಂಗ್ ಕೈಬಿಟ್ಟು ಕಾಡಿನ ಫೋಟೋ ತೆಗೆಯಲು ಹೊರಡುವ ಮಾಧವನ್‌ಗೆ ಥಿಯೇಟರ್ ತುಂಬ ಚಪ್ಪಾಳೆ ಬಿತ್ತು. ಆದರೆ ಆ ಮೇಲಿನ ತಿಂಗಳ ಮನೆ ಬಾಡಿಗೆ ಯಾರು ಕಟ್ಟಿದರು ಅಂತ ಪಿಕ್ಚರ್‌ನಲ್ಲಿ ತೋರಿಸಲಿಲ್ಲ.

ಅದನ್ನು ತೋರಿಸಿದ ಚಿತ್ರ ಬೇರೆ ಇದೆ. 1983ರ 'ಜಾನೇ ಭೀ ದೋ ಯಾರೋ'. ಕುಂದನ್ ಷಾ ನಿರ್ದೇಶನ, ನಾಸಿರುದ್ದೀನ್ ಷಾ, ರವಿ ಬಾಸ್ವಾನಿ ಅಭಿನಯ. ಇಬ್ಬರು ಗೆಳೆಯರು ಆಸೆಯಿಂದ ಸ್ಟುಡಿಯೋ ತೆರೆದು ಕೂತರೆ ಗಿರಾಕಿ ಒಬ್ಬನೂ ಒಳಗೆ ಬರೋದಿಲ್ಲ! ನಕ್ಕು ನಕ್ಕು ಸಾಕಾಗುತ್ತೆ, ಆದರೆ ಸ್ಟುಡಿಯೋ ತೆರೆದವನಿಗೆ ಆ ನಗು ಹೊಟ್ಟೆಗೆ ಚುಚ್ಚುತ್ತೆ. ಅವರು ತೆಗೆದ ಫೋಟೋ ದೊಡ್ಡದು ಮಾಡಿದಾಗ ಕೊಲೆ ಕಾಣಿಸುವ ದೃಶ್ಯ, ಇಟಲಿಯ ಆಂಟೋನಿಯೋನಿ 1966ರಲ್ಲಿ ಮಾಡಿದ 'ಬ್ಲೋ ಅಪ್' ಚಿತ್ರಕ್ಕೆ ಹೊಡೆದ ಸಲಾಮು. ಕೊಲೆ ನಡೆಯುವ ಪಾರ್ಕಿಗೆ ಆಂಟೋನಿಯೋನಿ ಹೆಸರನ್ನೇ ಇಟ್ಟಿದ್ದಾರೆ!

ಇಬ್ಬರು ಗೆಳೆಯರು, ಒಂದು ಮಾರ್ಚ್ ತಿಂಗಳು

ನನಗೂ ಇಬ್ಬರು ಗೆಳೆಯರಿದ್ದಾರೆ. ಇಬ್ಬರೂ ತಿಪಟೂರು ಕಡೆಯವರು, ಇಬ್ಬರಿಗೂ ಹೈಸ್ಕೂಲಿನಿಂದ ಕ್ಯಾಮೆರಾ ಹುಚ್ಚು. ಹೆಸರು ಬೇಡ.

ಒಬ್ಬ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವನು. ಭಾನುವಾರ ಮಾತ್ರ ಫೋಟೋ. ಇನ್ನೊಬ್ಬ ಬಟ್ಟೆ ಅಂಗಡಿಯಲ್ಲಿ ಮೇಲ್ವಿಚಾರಕನಾಗಿದ್ದವನು. ನಿಜ ಹೇಳಬೇಕೆಂದರೆ ಇಬ್ಬರಲ್ಲಿ ಇವನ ಕಣ್ಣೇ ಚುರುಕು. ವಧುವಿನ ಅಳು ಬರುವ ಮೊದಲೇ ಅಲ್ಲಿ ಹೋಗಿ ನಿಂತಿರುತ್ತಿದ್ದ! 2019ರಲ್ಲಿ ಕೆಲಸ ಬಿಟ್ಟ. ಸಾಲ ಮಾಡಿ ಎರಡು ಕ್ಯಾಮೆರಾ, ಒಂದು ಡ್ರೋನ್, ಬಸ್ ಸ್ಟ್ಯಾಂಡ್ ಹತ್ತಿರ ಬಾಡಿಗೆ ಅಂಗಡಿ. ಬೋರ್ಡಿಗೆ ಬಣ್ಣದ ಲೈಟು. ಆರು ತಿಂಗಳು ವ್ಯಾಪಾರ ಚೆನ್ನಾಗೇ ಇತ್ತು. 2020ರ ಏಪ್ರಿಲ್, ಮೇ ತಿಂಗಳಿಗೆ ಹದಿಮೂರು ಮದುವೆ ಒಪ್ಪಿಕೊಂಡಿದ್ದ.

2020ರ ಮಾರ್ಚ್ 25. ದೇಶಕ್ಕೆ ದೇಶವೇ ಬಾಗಿಲು ಹಾಕಿತು. ನಿಮಾಯ್ ಘೋಷ್ ತೀರಿಕೊಂಡದ್ದೂ ಅದೇ ದಿನ ಎಂಬುದು ಕಾಕತಾಳೀಯ. ಮದುವೆಗಳು ಮುಂದಕ್ಕೆ ಹೋದವು, ಕೆಲವು ಮನೆಯ ಅಂಗಳದಲ್ಲೇ ಮುಗಿದವು. ಮೇ ತಿಂಗಳಲ್ಲಿ ಐವತ್ತು ಜನರ ಮಿತಿಯ ಮೇಲೆ ಅನುಮತಿ ಸಿಕ್ಕಾಗ ಜನ ಫೋಟೋದವನನ್ನು ಆ ಐವತ್ತರಲ್ಲಿ ಲೆಕ್ಕ ಹಾಕಲು ಹಿಂದೆ ಮುಂದೆ ನೋಡಿದರು. ಅಳಿಯನ ಮೊಬೈಲೇ ಸಾಕು ಅಂದರು.

ಸಾಲದ ಕಂತಿಗೆ ಮಾತ್ರ ರಜೆ ಇಲ್ಲ. ಮುಂದೂಡಿದ ಕಂತಿಗೂ ಬಡ್ಡಿ ಓಡುತ್ತೆ. ಗೆಳೆಯ ಮೊದಲು ಡ್ರೋನ್ ಮಾರಿದ, ಆಮೇಲೆ ಒಂದು ಕ್ಯಾಮೆರಾ, ಕೊನೆಗೆ ಅಂಗಡಿ ಖಾಲಿ ಮಾಡಿದ. ಇದರಲ್ಲಿ ಅವನ ಕಲೆಯ ತಪ್ಪೇನೂ ಇರಲಿಲ್ಲ. ಮಂಡಿಯ ಗುಮಾಸ್ತನಿಗೂ ಅಷ್ಟೇ ಮದುವೆಗಳು ತಪ್ಪಿದವು. ಆದರೆ ಅವನ ಮನೆಯಲ್ಲಿ ಒಲೆ ಆರಲಿಲ್ಲ. ವ್ಯತ್ಯಾಸ ಅಷ್ಟೇ.

ಈಗ ಆ ಎರಡನೇ ಗೆಳೆಯ ಗೂಡ್ಸ್ ಆಟೋ ಓಡಿಸ್ತಾನೆ, ಉಳಿಸಿಕೊಂಡ ಒಂದೇ ಕ್ಯಾಮೆರಾದಲ್ಲಿ ಭಾನುವಾರ ಫೋಟೋ ತೆಗೀತಾನೆ. "ಈಗ ಫೋಟೋ ಚೆನ್ನಾಗ್ ಬರ್ತಿದೆ ಕಣೋ. ಕೈ ನಡುಗೋದು ನಿಂತಿದೆ" ಅಂದ ಮೊನ್ನೆ. ಕಂತಿನ ದಿನಾಂಕ ತಲೆಯಲ್ಲಿ ಇಟ್ಟುಕೊಂಡು ಫೋಕಸ್ ಮಾಡೋದು ಎಷ್ಟು ಕಷ್ಟ ಅಂತ ಅವನಿಗೇ ಗೊತ್ತು.

ಗುಮಾಸ್ತ ಕಲಿಸಿದ ಲೆಕ್ಕ

ಇನ್ನು ದುಡ್ಡಿನ ಮಾತು. ರೇಟು ಹೇಳುವಾಗ ಹೊಸಬರೆಲ್ಲ ಎಡವುವುದು ಇಲ್ಲೇ. "ಕ್ಯಾಮೆರಾ ನನ್ನದೇ, ಭಾನುವಾರ ಹೇಗೂ ಖಾಲಿ, ಬಂದದ್ದೆಲ್ಲಾ ಲಾಭ" ಅಂದುಕೊಳ್ಳುತ್ತಾರೆ. ಮಂಡಿಯ ಗೆಳೆಯ ಒಂದು ಸಂಜೆ ಸಿಗರೇಟ್ ಪ್ಯಾಕಿನ ಹಿಂದೆ ಬರೆದು ತೋರಿಸಿದ ಲೆಕ್ಕ ಇಲ್ಲಿದೆ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಊರಿನ ಬೆಲೆ ಹಾಕಿಕೊಳ್ಳಿ.

ಕ್ಯಾಮೆರಾ ಬೆಲೆ 90,000 ರೂಪಾಯಿ ಅನ್ನಿ. ಅದರ ಶಟರ್ ಸುಮಾರು 1,50,000 ಸಲ ಬಡಿಯುತ್ತೆ ಅಂತ ಇಟ್ಟುಕೊಳ್ಳಿ. ಒಂದು ಕ್ಲಿಕ್ಕಿಗೆ 60 ಪೈಸೆ ಆಯಿತು. ಹಿಂದಿನ ಕಾಲದಲ್ಲಿ ರೋಲಿನಲ್ಲಿ 36 ಫ್ರೇಮು. ಆಗ್ಫಾ ಕ್ಲಿಕ್ ಥ್ರೀ ಡಬ್ಬಿಯಲ್ಲಾದರೆ ಹನ್ನೆರಡೇ! ಪ್ರತಿ ಕ್ಲಿಕ್ಕಿಗೂ ಕಾಸು ಹೋಗುವುದು ಕಣ್ಣಿಗೆ ಕಾಣುತ್ತಿತ್ತು. ಈಗ ಕಾಣೋದಿಲ್ಲ, ಆದರೆ ಹೋಗುತ್ತೆ. ಮದುವೆಗೆ 2,000 ಕ್ಲಿಕ್ ಹೊಡೆದರೆ 1,200 ರೂಪಾಯಿ ಕ್ಯಾಮೆರಾವೇ ತಿಂದಿತು.

ಆಲ್ಬಮ್ ಅಚ್ಚಿಗೆ 4,500. ಬಸ್ಸು, ಆಟೋಗೆ 800. ಫೋಟೋ ತುಂಬಿಡುವ ಡಿಸ್ಕಿನ ಪಾಲು 500. ನೀವು ಹೇಳಿದ ರೇಟು 10,000. ಕೈಯಲ್ಲಿ ಉಳಿದದ್ದು ಮೂರು ಸಾವಿರ.

ಈಗ ಗಂಟೆ ಎಣಿಸಿ. ಆರತಕ್ಷತೆ, ಮುಹೂರ್ತ, ಪ್ರಯಾಣ ಸೇರಿ 14 ಗಂಟೆ. ಎರಡು ಸಾವಿರದಲ್ಲಿ ನಾನೂರು ಆರಿಸಲು 5 ಗಂಟೆ. ನಾನೂರಕ್ಕೂ ಎರಡೆರಡು ನಿಮಿಷ ಬಣ್ಣ ತಿದ್ದಿದರೆ 13 ಗಂಟೆ. ಆಲ್ಬಮ್ ಜೋಡಿಸಲು 8. "ನಮ್ಮ ಅತ್ತಿಗೆ ಫೋಟೋ ಯಾಕೆ ಚಿಕ್ಕದು?" ಎಂಬ ಫೋನುಗಳಿಗೆ 3. ಒಟ್ಟು 43 ಗಂಟೆ. ಮೂರು ಸಾವಿರವನ್ನು ನಲವತ್ಮೂರರಿಂದ ಭಾಗಿಸಿ...

ಗಂಟೆಗೆ 70 ರೂಪಾಯಿ! ನಮ್ಮೂರಿನ ಗಾರೆ ಮೇಸ್ತ್ರಿ ಇದನ್ನು ಕೇಳಿದರೆ ಬಿದ್ದು ಬಿದ್ದು ನಗ್ತಾನೆ.

ನಾವು ಮಾರುತ್ತಿರುವುದು ಕ್ಲಿಕ್ ಅಂತ ಜನ ತಿಳಿದಿದ್ದಾರೆ, ನಾವೂ ಹಾಗೇ ತಿಳಿದಿದ್ದೇವೆ. ಮಾರುತ್ತಿರುವುದು ನಮ್ಮ ರಾತ್ರಿಗಳನ್ನು. ರೇಟು ಹೇಳುವ ಮುಂಚೆ ಆ ರಾತ್ರಿಗಳನ್ನು ಎಣಿಸಿ. ಮೊದಲು ಎಣಿಸಿದರೆ ಬಾಯಿಂದ ಬರುವ ರೇಟೇ ಬೇರೆ.

ದಿನಾಂಕದ ವ್ಯಾಪಾರ

ಇನ್ನೊಂದು ಗುಟ್ಟು. ಈ ವ್ಯಾಪಾರದ ನಿಜವಾದ ಸರಕು ದಿನಾಂಕ. ಆಷಾಢದಲ್ಲಿ ಮದುವೆ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಉಳಿದ ತಿಂಗಳುಗಳಲ್ಲಿ ಒಳ್ಳೆಯ ಮುಹೂರ್ತ ಬಿದ್ದ ದಿನ ಊರಿಗೆಲ್ಲ ಒಟ್ಟಿಗೇ ಮದುವೆ. ನಾಲ್ಕು ಕಡೆಯಿಂದ ಕರೆ ಬಂದರೂ ನೀವು ಹೋಗಲು ಆಗುವುದು ಒಂದೇ ಮಂಟಪಕ್ಕೆ. ಅದರಲ್ಲೂ ಸಂಬಳದ ಕೆಲಸ ಇದ್ದವನಿಗೆ ಭಾನುವಾರ ಬಿದ್ದರೆ ಅದೃಷ್ಟ, ಬುಧವಾರ ಬಿದ್ದರೆ ರಜಾ ಚೀಟಿ.

ಹಾಗಾಗಿ ದಿನಾಂಕ ಕೊಡುವಾಗ ಮುಂಗಡ ತೆಗೆದುಕೊಳ್ಳಿ. ನಾಚಿಕೆ ಬೇಡ! ಛತ್ರದವರು ತೆಗೆದುಕೊಳ್ಳಲ್ವೇ? ಅಡುಗೆ ಭಟ್ಟರು ತೆಗೆದುಕೊಳ್ಳಲ್ವೇ? ಎಷ್ಟು ಫೋಟೋ, ಯಾವ ದಿನ ಕೊಡ್ತೀರಿ, ಬಾಕಿ ಯಾವಾಗ, ಮದುವೆ ಮುಂದಕ್ಕೆ ಹೋದರೆ ಏನು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ರುಜು ಹಾಕಿ. ನೆಂಟರಾದರೆ ಎರಡು ಸಲ ಹಾಕಿ!

ಮತ್ತೆ ಮದುವೆ ಒಂದೇ ದಾರಿ ಅಂದುಕೊಳ್ಳಬೇಡಿ. ಆಷಾಢದಲ್ಲಿ ಹೋಟೆಲಿನವರ ತಿಂಡಿ ಪಟ್ಟಿಗೆ ಫೋಟೋ ತೆಗೆಯಬಹುದು. ಸೀರೆ ಅಂಗಡಿಯವರಿಗೆ, ಗೊಂಬೆ ಮಾಡುವವರಿಗೆ ಮೊಬೈಲಿನಲ್ಲಿ ವ್ಯಾಪಾರ ಮಾಡಲು ಚಿತ್ರ ಬೇಕು. ನಾಟಕ ತಂಡಗಳಿಗೆ ಬೇಕು. ಸಣ್ಣ ಬಜೆಟ್ಟಿನ ಕಿರುಚಿತ್ರ ಮಾಡುವ ಹುಡುಗರಿಗೆ ಸ್ಟಿಲ್ ಬೇಕು. ಮುಂದೆ ಗಾಂಧಿನಗರದ ಬಾಗಿಲು ತಟ್ಟುವ ಆಸೆ ಇದ್ದರೆ ಮೊದಲ ಪಾಠಶಾಲೆ ಇದೇ. ನಟರ ದಾರಿಗೆ ಅಡ್ಡ ಬರದೆ, 'ಆಕ್ಷನ್' ಮತ್ತು 'ಕಟ್' ನಡುವೆ ಉಸಿರು ಬಿಗಿಹಿಡಿದು ನಿಲ್ಲೋದು ಹೇಗೆ ಅಂತ ಅಲ್ಲೇ ಕಲಿಯಬೇಕು.

ಸ್ವಲ್ಪ ಕಾನೂನು, ಮುಖ ಸಿಂಡರಿಸಬೇಡಿ

ನಾನು ತೆಗೆದ ಫೋಟೋ ನನ್ನದೇ ಅಂತ ನೀವು ಅಂದುಕೊಂಡಿದ್ದೀರಿ, ಅಲ್ವೇ? 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮು ಬೇರೆ ಹೇಳುತ್ತೆ. ಒಬ್ಬರು ಹೇಳಿ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದು! ನಿಮ್ಮ ಪ್ರಚಾರಕ್ಕೆ ನಾಲ್ಕು ಫೋಟೋ ಬಳಸಿಕೊಳ್ಳಬೇಕೆಂದರೆ ಆ ಮಾತನ್ನೂ ಒಪ್ಪಂದದ ಹಾಳೆಯಲ್ಲಿ ಸೇರಿಸಿ. ನಿಮ್ಮ ಸಂತೋಷಕ್ಕೆ ನೀವೇ ತೆಗೆದ ಫೋಟೋ ಮಾತ್ರ ನಿಮ್ಮದೇ ಆಸ್ತಿ. 2012ರ ತಿದ್ದುಪಡಿಯ ನಂತರ ಆ ಹಕ್ಕು ತೆಗೆದವನ ಜೀವಮಾನ ಮತ್ತು ಆಮೇಲೆ 60 ವರ್ಷ. ಮೊಮ್ಮಕ್ಕಳಿಗೂ ಸಾಕು!

ಕಾನೂನು ಏನೇ ಇರಲಿ, ಮದುವೆ ಮನೆಯ ಹೆಣ್ಣುಮಕ್ಕಳ ಫೋಟೋವನ್ನು ಕೇಳದೆ ಮೊಬೈಲಿನಲ್ಲಿ ಹಂಚಬೇಡಿ. "ಲೈಕ್ ಬರುತ್ತೆ" ಅಂತ ಹಾಕಿದ ಒಂದು ಫೋಟೋ ಹತ್ತು ವರ್ಷ ಗಳಿಸಿದ ಹೆಸರನ್ನು ನುಂಗಿಬಿಡುತ್ತೆ. ಒಳಮನೆಯವರೆಗೆ ನಮ್ಮನ್ನು ಬಿಟ್ಟುಕೊಂಡಿದ್ದಾರಲ್ಲ, ಆ ನಂಬಿಕೆಯೇ ನಮ್ಮ ಲೈಸೆನ್ಸು.

ಅಭಿಮಾನಿ ದೇವರುಗಳಿಗೆ ಇನ್ನೊಂದು ಕಿವಿಮಾತು. ನಟರ ಫೋಟೋ ತೆಗೆದು ಟೀ ಶರ್ಟಿಗೆ, ಪೋಸ್ಟರಿಗೆ ಹಾಕಿ ಮಾರುವ ಯೋಚನೆ ಇದ್ದರೆ ಹುಷಾರ್! ಅಮಿತಾಭ್ ಬಚ್ಚನ್ 2022ರಲ್ಲಿ, ಅನಿಲ್ ಕಪೂರ್ 2023ರಲ್ಲಿ ದೆಹಲಿ ಹೈಕೋರ್ಟಿಗೆ ಹೋಗಿ, ತಮ್ಮ ಹೆಸರು, ಮುಖ, ದನಿಯನ್ನು ಅನುಮತಿ ಇಲ್ಲದೆ ವ್ಯಾಪಾರಕ್ಕೆ ಬಳಸದಂತೆ ಆದೇಶ ತಂದಿದ್ದಾರೆ. ಗೋಡೆಗೆ ಅಂಟಿಸಿಕೊಳ್ಳಿ, ಪೂಜೆ ಮಾಡಿ, ಮಾರಬೇಡಿ.

ಸರ್ಕಾರಿ ನೌಕರಿಯಲ್ಲಿದ್ದರೆ ಪೂರ್ವಾನುಮತಿ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ, ನೆನಪಿರಲಿ. ಖಾಸಗಿ ಕೆಲಸದವರು ನೇಮಕಾತಿ ಪತ್ರ ತೆಗೆದು ಓದಿ ನೋಡಿ. ಫೋಟೋದಿಂದ ಬಂದ ಆದಾಯವನ್ನು ಸಂಬಳದ ಜೊತೆ ತೆರಿಗೆ ಲೆಕ್ಕಕ್ಕೆ ಸೇರಿಸಬೇಕು. ಜಿಎಸ್‌ಟಿ ನೋಂದಣಿ ಬೇಕಾಗುವುದು ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದ ಮೇಲೆ. ಆ ದಿನ ಬಂದರೆ ನನಗೊಂದು ಊಟ ಹಾಕಿಸಿ!

ಆಲ್ಬಮ್ಮಿಗೆ ಬಾರದ ಫೋಟೋ

ಈಗ ಹೇಳುವ ಮಾತಿಗಾಗಿಯೇ ಇಷ್ಟುದ್ದ ಬರೆದೆ.

ಮಂಡಿಯ ಗೆಳೆಯನಿಗೆ ಒಂದು ಶಿಸ್ತು. ಪ್ರತಿ ಕೆಲಸದ ಫೋಟೋಗಳೂ ಎರಡು ಡಿಸ್ಕಿನಲ್ಲಿ. ಒಂದು ಅವನ ಮನೆಯಲ್ಲಿ, ಇನ್ನೊಂದು ಅಕ್ಕನ ಮನೆಯಲ್ಲಿ. ಆಲ್ಬಮ್ಮಿಗೆ ಆಯ್ಕೆಯಾಗದ ಫೋಟೋಗಳನ್ನೂ ಅಳಿಸುವುದಿಲ್ಲ. "ಯಾಕಯ್ಯಾ ಈ ಕಸ?" ಅಂತ ನಾನೇ ತಮಾಷೆ ಮಾಡ್ತಿದ್ದೆ. "ಮಂಡಿಯಲ್ಲಿ ಹಳೇ ಲೆಕ್ಕದ ಪುಸ್ತಕ ಯಾರಾದ್ರೂ ಸುಡ್ತಾರಾ?" ಅಂತಿದ್ದ.

2021ರ ಮೇ ತಿಂಗಳು. ಎರಡನೇ ಅಲೆ. ಯಾರ ಮನೆಯಿಂದ ಯಾವ ಸುದ್ದಿ ಬರುತ್ತೋ ಎಂದು ಜನ ಫೋನಿಗೇ ಹೆದರುತ್ತಿದ್ದ ದಿನಗಳು. ಒಂದು ಬೆಳಿಗ್ಗೆ ಇವನ ಮನೆ ಗೇಟಿನ ಹೊರಗೆ ಒಬ್ಬ ಹುಡುಗ ಬಂದು ನಿಂತ. ಒಳಗೆ ಬರಲಿಲ್ಲ. ಅವನ ಅಪ್ಪ ಹಿಂದಿನ ವಾರ ತೀರಿಕೊಂಡಿದ್ದರು. ಮುಖ ಕೂಡ ಸರಿಯಾಗಿ ನೋಡಲು ಆಗಿರಲಿಲ್ಲ. ಹಾರ ಹಾಕಲು ಮನೆಯಲ್ಲಿ ಒಂದು ಫೋಟೋ ಇಲ್ಲ. ಇದ್ದದ್ದು ಆಧಾರ್ ಕಾರ್ಡಿನ ಫೋಟೋ ಒಂದೇ. "ಅಣ್ಣಾ, 2018ರಲ್ಲಿ ನಮ್ಮಕ್ಕನ ಮದುವೆಗೆ ನೀವೇ ಬಂದಿದ್ರಿ. ಆಲ್ಬಮ್ ನೋಡಿದ್ವಿ, ಎಲ್ಲಾದ್ರಲ್ಲೂ ಅಪ್ಪ ಬಿಗಿದುಕೊಂಡು ನಿಂತಿದ್ದಾರೆ. ಬೇರೆ ಯಾವುದಾದ್ರೂ..." ಅಂದವನಿಗೆ ಮುಂದೆ ಮಾತು ಬರಲಿಲ್ಲ.

ಗೆಳೆಯ ಆ ದಿನ ಎರಡು ಸಾವಿರ ಚಿಲ್ಲರೆ ಫೋಟೋಗಳನ್ನು ಒಂದೊಂದಾಗಿ ನೋಡಿದ. ಸಂಜೆ ಹೊತ್ತಿಗೆ ಸಿಕ್ಕಿತು. ಅಡುಗೆ ಮನೆಯ ಹಿಂದೆ, ಪಾಯಸದ ದೊಡ್ಡ ಪಾತ್ರೆಯ ಪಕ್ಕ, ಹೆಗಲ ಮೇಲೆ ಟವೆಲು, ಭಟ್ಟರ ಜೊತೆ ಏನೋ ಮಾತಾಡುತ್ತಾ ಬಾಯ್ತುಂಬ ನಗುತ್ತಿರುವ ಅಪ್ಪ. ಯಾರೋ ಹುಡುಗಿಯ ಭುಜ ಅರ್ಧ ಅಡ್ಡ ಬಂದಿದೆ ಅಂತ ಅವತ್ತು ಆಯ್ಕೆಯಲ್ಲಿ ಬಿಟ್ಟುಹೋದ ಫೋಟೋ! ಭುಜ ತೆಗೆದು, ಬೆಳಕು ತಿದ್ದಿ, ಬಾಗಿಲು ಅರ್ಧ ತೆರೆದಿದ್ದ ಲ್ಯಾಬಿನವರನ್ನು ಕಾಡಿ ಬೇಡಿ, ಹನ್ನೆರಡು ಹದಿನೆಂಟರ ಅಳತೆಯಲ್ಲಿ ಅಚ್ಚು ಹಾಕಿಸಿ, ತಾನೇ ಹೋಗಿ ಅವರ ಮನೆ ಜಗಲಿ ಮೇಲೆ ಇಟ್ಟು ಬಂದ.

"ಎಷ್ಟು ತಗೊಂಡೆ?" ಅಂತ ಕೇಳಿದೆ.

"ಇದಕ್ಕೆ ರೇಟು ಬರೆದಿಲ್ಲ ಕಣೋ. ತಿಂಗಳಾದರೆ ಮಂಡಿಯಲ್ಲಿ ಸಂಬಳ ಕೊಡ್ತಾರಲ್ಲ" ಅಂದ.

ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಆ ತಿಂಗಳು ಅವನಿಗೂ ಒಂದೇ ಒಂದು ಫೋಟೋ ಕೆಲಸ ಇರಲಿಲ್ಲ. ಒಲೆ ಉರಿಯಲು ಬೇರೆ ದಾರಿ ಇದ್ದದ್ದರಿಂದ ಅವನು ಇಡೀ ದಿನ ಕೂತು ಹುಡುಕಲು ಸಾಧ್ಯವಾಯಿತು, ದುಡ್ಡು ಬೇಡ ಅನ್ನಲೂ ಸಾಧ್ಯವಾಯಿತು. ಸಂಬಳದ ಕೆಲಸ ಕಲೆಗೆ ಶತ್ರು ಅಂತ ಸಿನಿಮಾದಲ್ಲಿ ಹೇಳ್ತಾರೆ. ನಾನು ಕಂಡ ಹಾಗೆ ಅದೇ ಕಲೆಯ ಕಾವಲುಗಾರ. ಕಡಿಮೆ ರೇಟಿಗೆ ಜಗ್ಗುವವರಿಗೆ "ಆಗೋದಿಲ್ಲ ಸಾರ್" ಅನ್ನುವ ಧೈರ್ಯ ಅದು ಕೊಡುತ್ತೆ. ದುಡ್ಡು ಕೇಳಬಾರದ ಕಡೆ ಕೇಳದೆ ಇರುವ ದೊಡ್ಡತನವನ್ನೂ ಅದೇ ಕೊಡುತ್ತೆ.

ಒಂದು ಕ್ಲಿಕ್ ನಿಮಗಾಗಿ

ಸಂಡೂರಿನ ಎಂ.ವೈ. ಘೋರ್ಪಡೆ ಗೊತ್ತಲ್ಲ? ರಾಜಮನೆತನ, ಎಪ್ಪತ್ತರ ದಶಕದಲ್ಲಿ ಕರ್ನಾಟಕದ ಹಣಕಾಸು ಮಂತ್ರಿ. ರಾಜ್ಯದ ಬಜೆಟ್ ಓದಿದ ಮನುಷ್ಯ ಬಿಡುವಾದಾಗ ಕಾಡಿನಲ್ಲಿ ಕ್ಯಾಮೆರಾ ಹಿಡಿದು ಕಾಯುತ್ತಿದ್ದರು. ವನ್ಯಜೀವಿ ಛಾಯಾಗ್ರಹಣದಲ್ಲಿ ಹೊರದೇಶದಲ್ಲೂ ಹೆಸರು ಪಡೆದರು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಕಾಫಿ ತೋಟವನ್ನೂ ನೋಡಿಕೊಂಡರು, ಕಾದಂಬರಿಯನ್ನೂ ಬರೆದರು, ಹಕ್ಕಿಗಳ ಫೋಟೋವನ್ನೂ ತೆಗೆದರು. ಇವರಿಗೆಲ್ಲ ಕ್ಯಾಮೆರಾ ಹೊಟ್ಟೆಪಾಡಾಗಿರಲಿಲ್ಲ. ಅದಕ್ಕೇ ಅದರ ಮೇಲಿನ ಪ್ರೀತಿ ಹಳಸಲೂ ಇಲ್ಲ.

ನೀವು ದುಡ್ಡಿಗೆ ಫೋಟೋ ತೆಗೆಯಲು ಶುರು ಮಾಡಿದ ಮೇಲೆ ಒಂದು ದಿನ ಬರುತ್ತೆ. ಕ್ಯಾಮೆರಾ ಕಂಡರೆ ಬೇಸರ. ಸಂಜೆಯ ಬೆಳಕು ಎಷ್ಟು ಚೆನ್ನಾಗಿದ್ದರೂ ಚೀಲದ ಜಿಪ್ ತೆಗೆಯಲು ಮನಸ್ಸಿಲ್ಲ. ಆ ದಿನ ಬಾರದಿರಬೇಕಾದರೆ ತಿಂಗಳಿಗೆ ಒಂದು ಭಾನುವಾರ ಯಾರಿಗೂ ಕೊಡಬೇಡಿ. ಎಷ್ಟೇ ಮುಂಗಡ ಕೊಡ್ತೀನಿ ಅಂದರೂ ಸರಿ. ಆ ದಿನ ಸಂತೆಗೆ ಹೋಗಿ, ಕೆರೆ ಏರಿಗೆ ಹೋಗಿ, ಹಳೇ ಥಿಯೇಟರಿನ ಗೇಟ್‌ಕೀಪರ್ ಅಜ್ಜನ ಮುಖ ತೆಗೀರಿ. ದುಡ್ಡು ಬರೋದಿಲ್ಲ, ಆದರೆ ಉಳಿದ ಮೂರು ಭಾನುವಾರದ ಫೋಟೋಗಳಿಗೆ ಜೀವ ಬರೋದು ಅಲ್ಲಿಂದಲೇ.

ಹಾಗಾದರೆ ಎಲ್ಲಿಂದ ಶುರು ಮಾಡೋದು ಅಂತೀರಾ? ಹೊಸ ಕ್ಯಾಮೆರಾದಿಂದ ಬೇಡ. ಇರುವುದನ್ನೇ ಒರೆಸಿ ಇಟ್ಟುಕೊಳ್ಳಿ. ಮೊದಲ ದುಡ್ಡಿನಲ್ಲಿ ಲೆನ್ಸ್ ಕೊಳ್ಳುವ ಮುಂಚೆ ಎರಡು ಡಿಸ್ಕ್ ಕೊಳ್ಳಿ, ಒಂದು ಲೆಕ್ಕದ ಪುಸ್ತಕ ಕೊಳ್ಳಿ. ಕೊಡ್ತೀನಿ ಅಂದ ದಿನಕ್ಕೆ ಒಂದು ದಿನ ಮೊದಲೇ ಫೋಟೋ ಕೊಡಿ. ಸಾಲದಲ್ಲಿ ಡ್ರೋನ್ ಹಾರಿಸಬೇಡಿ. ಸೋಮವಾರ ಬೆಳಿಗ್ಗೆ ಸರಿಯಾದ ಹೊತ್ತಿಗೆ ಕೆಲಸಕ್ಕೆ ಹೋಗಿ ಹಾಜರಿ ಹಾಕಿ.

ಯಾರಾದರೂ "ಏನಪ್ಪಾ, ಪಾರ್ಟ್ ಟೈಮ್ ಫೋಟೋಗ್ರಾಫರಾ?" ಅಂತ ಹಗುರವಾಗಿ ಕೇಳಿದರೆ ಬೇಸರ ಪಟ್ಟುಕೊಳ್ಳಬೇಡಿ. ಟೈಮು ಪಾರ್ಟ್ ಇರಬಹುದು ಸ್ವಾಮಿ, ಪ್ರೀತಿ ಫುಲ್ಲು!